ಕಾರ್ಪೆಟ್ ತೊಳೆಯುವ ಯಂತ್ರ ಟೈಲ್ಸ್ ನೆಲಕ್ಕೆ ಇಳಿದಾಗ

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಬಿ.ಎಸ್ಸಿ. ಮುಗಿಸಿ ಬೆಂಗಳೂರಿನಲ್ಲಿ ಕಚೇರಿಗಳ ಕಾರ್ಪೆಟ್ ತೊಳೆದುಕೊಡುವ ಸಣ್ಣ ಉದ್ಯಮ ನಡೆಸುತ್ತಿದ್ದಾನೆ. ಬಿಸಿನೀರನ್ನು ಒತ್ತಡದಿಂದ ಚಿಮ್ಮಿಸಿ ಮರುಕ್ಷಣವೇ ಕೊಳೆನೀರನ್ನು ಹೀರಿಕೊಳ್ಳುವ ಯಂತ್ರವನ್ನು ಬ್ಯಾಂಕ್ ಸಾಲದಲ್ಲಿ ಕೊಂಡಿದ್ದ. ಅದೇ ಕಚೇರಿಗಳ ಊಟದ ಕೋಣೆಯ ನೆಲ ಟೈಲ್ಸಿನದು. "ಅದನ್ನೂ ತೊಳೆದುಕೊಡಿ" ಎಂದು ಗಿರಾಕಿಗಳು ಕೇಳತೊಡಗಿದರು. ಯಂತ್ರ ಹೇಗೂ ಇದೆಯಲ್ಲ ಎಂದು ಒಪ್ಪಿಕೊಂಡ. ಟೈಲ್ಸ್ ಹೊಳೆದವು, ಆದರೆ ಅವುಗಳ ನಡುವಣ ಸಿಮೆಂಟಿನ ಸಂದು ಕಪ್ಪಾಗಿಯೇ ಉಳಿಯಿತು. ಯಾರದೋ ಮಾತು ಕೇಳಿ ಆ್ಯಸಿಡ್ ಹಾಕಿದ. ಸಂದು ಬೆಳ್ಳಗಾಯಿತು, ತಿಂಗಳೊಳಗೆ ಮೊದಲಿಗಿಂತ ಹೆಚ್ಚು ಕಪ್ಪಾಯಿತು. ಪಕ್ಕದ ಶಹಾಬಾದ್ ಕಲ್ಲಿನ ನೆಲಕ್ಕೆ ಆ್ಯಸಿಡ್ ಹರಿದ ಕಡೆಯೆಲ್ಲ ಹೊಳಪು ಹೋಗಿ ಬಿಳಿ ಮಚ್ಚೆ ಬಿದ್ದಿತು. ಗಿರಾಕಿ ಹಣ ಕೊಡಲಿಲ್ಲ.

"ಸರ್, ಅದೇ ಯಂತ್ರ, ಅದೇ ನೀರು. ಕಾರ್ಪೆಟ್ಟಿನಿಂದ ಬರುವ ಕೊಳೆ ಸಂದಿನಿಂದ ಯಾಕೆ ಬರುವುದಿಲ್ಲ?" ಎಂಬುದು ಅವನ ಪ್ರಶ್ನೆ. ಮೂವತ್ತು ವರ್ಷ ಮೇಲ್ಮೈ ಎಳೆತದ ಪಾಠ ಮಾಡಿದ ನನಗೆ ಆ ದಿನ ಸರಿಯಾದ ಉತ್ತರ ಹೊಳೆಯಲಿಲ್ಲ. ಆಮೇಲೆ ಹುಡುಕುತ್ತ ಹೋದಾಗ ಉತ್ತರದ ತುಣುಕುಗಳು ಶತಮಾನಗಳ ಇತಿಹಾಸದಲ್ಲಿ ಚದುರಿಕೊಂಡಿರುವುದು ಕಂಡಿತು.

ಕಸುಬಿನ ಪಕ್ಕದಲ್ಲೊಂದು ಕಸುಬು

ಇರುವ ವ್ಯಾಪಾರಕ್ಕೆ ಇನ್ನೊಂದನ್ನು ಜೋಡಿಸುವುದು ಈ ಕ್ಷೇತ್ರದಲ್ಲಿ ಹೊಸದಲ್ಲ. ಅಮೆರಿಕದ ಮಿಷಿಗನ್ ಪ್ರಾಂತದ ಗ್ರ್ಯಾಂಡ್ ರ್‍ಯಾಪಿಡ್ಸ್‌ನಲ್ಲಿ ಮೆಲ್ವಿಲ್ ಬಿಸೆಲ್ ಮತ್ತು ಅವರ ಪತ್ನಿ ಆ್ಯನಾ ಪಿಂಗಾಣಿ ಪಾತ್ರೆಗಳ ಅಂಗಡಿ ಇಟ್ಟಿದ್ದರು. ಪಾತ್ರೆಗಳ ಪೆಟ್ಟಿಗೆಯಲ್ಲಿ ತುಂಬಿ ಬರುತ್ತಿದ್ದ ಮರದ ಹೊಟ್ಟು ಅಂಗಡಿಯ ಕಾರ್ಪೆಟ್ಟಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅದನ್ನು ತೆಗೆಯಲೆಂದು ಮೆಲ್ವಿಲ್ ಉರುಳುವ ಕುಂಚದ ಗುಡಿಸುವ ಯಂತ್ರ ಮಾಡಿ 1876ರಲ್ಲಿ ಪೇಟೆಂಟ್ ಪಡೆದರು. 1889ರಲ್ಲಿ ಅವರು ತೀರಿಕೊಂಡ ಮೇಲೆ ಕಂಪನಿಯನ್ನು ಬೆಳೆಸಿದವರು ಆ್ಯನಾ. ವಿಸ್ಕಾನ್ಸಿನ್‌ನ ರೇಸೀನ್ ಊರಿನ ಸ್ಯಾಮ್ಯುಯೆಲ್ ಕರ್ಟಿಸ್ ಜಾನ್ಸನ್ 1886ರಲ್ಲಿ ಮರದ ನೆಲಹಾಸಿನ ವ್ಯಾಪಾರ ಶುರುಮಾಡಿದರು. ನೆಲ ಕೊಂಡವರೆಲ್ಲ ಇದನ್ನು ನೋಡಿಕೊಳ್ಳುವುದು ಹೇಗೆ ಎಂದು ಕೇಳತೊಡಗಿದಾಗ ಮೇಣದ ಲೇಪವೊಂದನ್ನು ತಯಾರಿಸಿ ಕೊಟ್ಟರು. ಕೆಲವೇ ವರ್ಷಗಳಲ್ಲಿ ಮೇಣದ ಮಾರಾಟ ನೆಲಹಾಸಿನ ಮಾರಾಟವನ್ನು ಮೀರಿಸಿತು.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರದವರು ಇಂಗ್ಲೆಂಡಿನ ಹ್ಯೂಬರ್ಟ್ ಸೆಸಿಲ್ ಬೂತ್ (1871-1955). ಇವರು ಸೇತುವೆ ಕಟ್ಟುವ ಎಂಜಿನಿಯರ್. ಲಂಡನ್ನಿನ ಎಂಪೈರ್ ಮ್ಯೂಸಿಕ್ ಹಾಲ್‌ನಲ್ಲಿ ಗಾಳಿ ಊದಿ ದೂಳೆಬ್ಬಿಸುವ ಯಂತ್ರದ ಪ್ರದರ್ಶನ ನೋಡಿದರು. ಊದಿದ ದೂಳು ಮತ್ತೆ ಅಲ್ಲೇ ಕೂರುತ್ತಿತ್ತು. ಊದುವ ಬದಲು ಹೀರಬಾರದೇಕೆ ಎಂದು ಯೋಚಿಸಿದ ಬೂತ್, ಹೋಟೆಲೊಂದರಲ್ಲಿ ಕುರ್ಚಿಯ ಮೆತ್ತೆಯ ಮೇಲೆ ಕರವಸ್ತ್ರ ಹಾಸಿ ಬಾಯಿಂದ ಜೋರಾಗಿ ಗಾಳಿ ಎಳೆದು ನೋಡಿದರು. ವಸ್ತ್ರದ ಅಡಿಯಲ್ಲಿ ಕಪ್ಪು ದೂಳಿನ ಗುರುತು ಮೂಡಿತ್ತು. 1901ರಲ್ಲಿ ಪೇಟೆಂಟ್ ಆದ ಅವರ ಯಂತ್ರ ಎಷ್ಟು ದೊಡ್ಡದೆಂದರೆ ಕುದುರೆಗಾಡಿಯ ಮೇಲೆ ಬೀದಿಯಲ್ಲೇ ನಿಲ್ಲುತ್ತಿತ್ತು. ಉದ್ದನೆಯ ಕೊಳವೆಗಳನ್ನು ಕಿಟಕಿಯೊಳಗಿಂದ ಮನೆಗೆ ಎಳೆದು ಒಯ್ಯುತ್ತಿದ್ದರು. 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ಮುನ್ನ ವೆಸ್ಟ್‌ಮಿನ್‌ಸ್ಟರ್ ಅಬೆಯ ಕಾರ್ಪೆಟ್ಟುಗಳನ್ನು ಶುಚಿಗೊಳಿಸಿದ್ದು ಈ ಯಂತ್ರವೇ. ಬೂತ್ ಆರಂಭದಲ್ಲಿ ಮಾರಿದ್ದು ಯಂತ್ರವನ್ನಲ್ಲ, ಶುಚಿಗೊಳಿಸುವ ಸೇವೆಯನ್ನು ಎಂಬುದನ್ನು ಗಮನಿಸಬೇಕು. ಬೀದಿಯಲ್ಲಿ ಗಾಡಿ, ಒಳಗೆ ಕೊಳವೆ: ಇಂದಿನ ಕಾರ್ಪೆಟ್ ತೊಳೆಯುವ ವ್ಯಾನಿನ ನೇರ ಪೂರ್ವಜ ಇದು.

ಹೀರುವಿಕೆಗೊಂದು ಮಿತಿ

ಬೂತ್‌ರ ಉಪಾಯ ಕಾರ್ಪೆಟ್ಟಿಗೆ ಒಪ್ಪಿದಷ್ಟು ನುಣುಪು ನೆಲಕ್ಕೆ ಒಪ್ಪಲಿಲ್ಲ. ಏಕೆಂಬುದಕ್ಕೆ ವಿವರಣೆ ಸಿಕ್ಕಿದ್ದು 1904ರಲ್ಲಿ. ಆ ವರ್ಷ ಹೈಡೆಲ್‌ಬರ್ಗ್‌ನಲ್ಲಿ ನಡೆದ ಗಣಿತಜ್ಞರ ಸಮ್ಮೇಳನದಲ್ಲಿ ಲುಡ್ವಿಗ್ ಪ್ರಾಂಟ್ಲ್ ಎಂಬ ಯುವ ಪ್ರಾಧ್ಯಾಪಕ ಸೀಮಾಪದರದ ಕಲ್ಪನೆಯನ್ನು ಮಂಡಿಸಿದರು. ಹರಿಯುವ ಗಾಳಿ ಎಷ್ಟೇ ರಭಸದ್ದಾಗಿರಲಿ, ಗಟ್ಟಿ ಮೇಲ್ಮೈಗೆ ತಾಗಿದ ಪದರದ ವೇಗ ಸೊನ್ನೆ. ಅದರಿಂದ ದೂರ ಸರಿದಂತೆ ವೇಗ ಕ್ರಮೇಣ ಏರುತ್ತದೆ. ತಿರುಗುವ ಸೀಲಿಂಗ್ ಫ್ಯಾನಿನ ರೆಕ್ಕೆಯ ಮೇಲೆ ದೂಳು ಕೂತೇ ಇರುವುದನ್ನು ನಾವೆಲ್ಲ ನೋಡಿದ್ದೇವೆ. ಆ ದೂಳಿನ ಕಣಗಳು ಈ ನಿಶ್ಚಲ ಪದರದ ಆಶ್ರಯದಲ್ಲಿವೆ. ನುಣುಪು ನೆಲದ ನವಿರು ದೂಳಿನದೂ ಅದೇ ಸ್ಥಿತಿ. ಕಾರ್ಪೆಟ್ಟಿನಲ್ಲಿ ಹಾಗಲ್ಲ, ಅಲ್ಲಿ ಗಾಳಿ ಎಳೆಗಳ ಕಾಡಿನ ನಡುವೆ ನುಗ್ಗಿ ಬರುತ್ತದೆ, ದೂಳಿನ ಕಣ ಅದರ ದಾರಿಯಲ್ಲೇ ಇರುತ್ತದೆ. ಆದ್ದರಿಂದ ಗಟ್ಟಿ ನೆಲಕ್ಕೆ ಒದ್ದೆ ಬಟ್ಟೆಯೋ ಕುಂಚವೋ ಬೇಕೇ ಬೇಕಾಯಿತು.

ಇನ್ನೊಂದು ಮಿತಿ ಇದಕ್ಕಿಂತಲೂ ಹಳೆಯದು. 'ನಿರ್ವಾತ ಎಳೆಯುತ್ತದೆ' ಎಂದು ನಾವು ಹೇಳುತ್ತೇವಾದರೂ ನಿಜಕ್ಕೂ ತಳ್ಳುವುದು ಹೊರಗಿನ ವಾಯುಮಂಡಲ. 1643ರಲ್ಲಿ ಟಾರಿಚೆಲ್ಲಿ ಪಾದರಸದ ಕೊಳವೆಯಿಂದ ತೋರಿಸಿದ್ದು ಇದನ್ನೇ. ಹೀಗಾಗಿ ಯಾವ ಹೀರುವ ಯಂತ್ರವೂ ಒಂದು ವಾಯುಮಂಡಲಕ್ಕಿಂತ, ಅಂದರೆ ಸುಮಾರು 1 ಲಕ್ಷ ಪಾಸ್ಕಲ್‌ಗಿಂತ, ಹೆಚ್ಚಿನ ಒತ್ತಡ ವ್ಯತ್ಯಾಸ ಕೊಡಲಾರದು. ವ್ಯಾನಿನಲ್ಲಿ ಕೂರಿಸುವ ದೊಡ್ಡ ಯಂತ್ರಗಳೂ ಸಾಮಾನ್ಯವಾಗಿ ಇದರ ಅರ್ಧವನ್ನು ಮುಟ್ಟುವುದಿಲ್ಲ. ತಳ್ಳುವ ಪಂಪಿಗೆ ಇಂಥ ಮಿತಿಯಿಲ್ಲ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾರ್ಪೆಟ್ ಗೋಡೆಯಿಂದ ಗೋಡೆಗೆ ಹಬ್ಬಿದ್ದು

ನಮ್ಮ ಕಡೆ ಜಮಖಾನವನ್ನು ಅಂಗಳಕ್ಕೆ ತಂದು ಕೊಡವಿ ಬಿಸಿಲಿಗೆ ಹಾಕುತ್ತಾರೆ. ಪಶ್ಚಿಮದಲ್ಲೂ ಹಾಗೆಯೇ ಇತ್ತು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಸ್ಥಿತಿ ಬದಲಾಯಿತು. ಜಾರ್ಜಿಯಾ ಪ್ರಾಂತದ ಡಾಲ್ಟನ್ ಊರಿನಲ್ಲಿ ಕ್ಯಾಥರೀನ್ ಇವಾನ್ಸ್ ಎಂಬ ಹುಡುಗಿ 19ನೇ ಶತಮಾನದ ಕೊನೆಯಲ್ಲಿ ನೂಲಿನ ಕುಚ್ಚುಗಳನ್ನು ಬಟ್ಟೆಗೆ ಚುಚ್ಚಿ ಹಾಸಿಗೆಯ ಹೊದಿಕೆ ಮಾಡುತ್ತಿದ್ದಳು. ಅದೇ ಕೈಕೆಲಸ ಕಾಲಕ್ರಮದಲ್ಲಿ ಯಂತ್ರಕ್ಕೇರಿತು. ಯಂತ್ರಕ್ಕೆ ನೈಲಾನ್ ಸಿಕ್ಕಿತು. ಡಾಲ್ಟನ್ ಜಗತ್ತಿನ ಕಾರ್ಪೆಟ್ ರಾಜಧಾನಿ ಎನಿಸಿತು. ಅಗ್ಗವಾದ ಕಾರ್ಪೆಟ್ಟನ್ನು ನೆಲಕ್ಕೆ ಮೊಳೆ ಹೊಡೆದು ಕೂರಿಸತೊಡಗಿದರು. ಇಂಥದ್ದನ್ನು ಎತ್ತಿ ಹೊರಗೊಯ್ಯುವಂತಿಲ್ಲ, ತೊಳೆಯುವವನೇ ಮನೆಗೆ ಬರಬೇಕು. 1970ರ ದಶಕದಲ್ಲಿ ವ್ಯಾನಿನೊಳಗೆ ಪಂಪು, ನೀರು ಕಾಯಿಸುವ ಒಲೆ, ಹೀರುವ ಯಂತ್ರ ಮತ್ತು ಕೊಳೆನೀರಿನ ತೊಟ್ಟಿ ಇಟ್ಟುಕೊಂಡು ಬರುವ ಕಸುಬು ಬೆಳೆಯಿತು. ಇದನ್ನು 'ಉಗಿ ಶುಚಿ' ಎಂದು ಜಾಹೀರಾತು ಮಾಡುತ್ತಿದ್ದರು. ಹೆಸರು ತಪ್ಪು. ಅಲ್ಲಿ ಕೆಲಸ ಮಾಡುವುದು ಬಿಸಿನೀರೇ ಹೊರತು ಉಗಿಯಲ್ಲ.

ಮುಂದೆ ಅಲ್ಲಿನ ಮನೆಗಳಲ್ಲಿ ಕಾರ್ಪೆಟ್ ಹಿಂದೆ ಸರಿದು ಪಿಂಗಾಣಿ ಟೈಲ್ಸ್, ಕಲ್ಲು, ಮರ ಮುಂದೆ ಬಂದವು. ಕಾರ್ಪೆಟ್ ತೊಳೆಯುವವರು ಕೈಕಟ್ಟಿ ಕೂರಲಿಲ್ಲ. ವ್ಯಾನಿನೊಳಗಿನ ಯಂತ್ರ ಅದೇ. ತುದಿಯ ಉಪಕರಣ ಮಾತ್ರ ಬೇರೆ. ದುಂಡನೆಯ ಮುಚ್ಚಳದೊಳಗೆ ಗಿರಗಿರನೆ ತಿರುಗುವ ತೋಳಿನ ತುದಿಗಳಿಂದ ನೀರು ಚಿಮ್ಮುತ್ತದೆ, ಅದೇ ಮುಚ್ಚಳದಿಂದ ಹೀರಲ್ಪಡುತ್ತದೆ. ಕಾರ್ಪೆಟ್ಟಿಗೆ 20-30 ವಾಯುಮಂಡಲದ ಒತ್ತಡ ಸಾಕಾದರೆ ಟೈಲ್ಸಿಗೆ 70ರ ಆಸುಪಾಸು ಬಳಸುತ್ತಾರೆ. ಬರ್ನೂಲಿ ಸಮೀಕರಣದ ಪ್ರಕಾರ ಚಿಮ್ಮುವ ವೇಗದ ವರ್ಗವು ಒತ್ತಡದ ಎರಡರಷ್ಟನ್ನು ಸಾಂದ್ರತೆಯಿಂದ ಭಾಗಿಸಿದಷ್ಟು. 70 ವಾಯುಮಂಡಲಕ್ಕೆ ಲೆಕ್ಕ ಹಾಕಿದರೆ ಘರ್ಷಣೆಯ ನಷ್ಟ ಬಿಟ್ಟು ಸೆಕೆಂಡಿಗೆ ಸುಮಾರು 120 ಮೀಟರ್ ಬರುತ್ತದೆ. ನುಣುಪು ಮೇಲ್ಮೈಯಲ್ಲಿ ಅಡಗಿದ ಕಣವನ್ನು ಕೀಳಲು ಇಂಥ ಏಟೇ ಬೇಕು. ಟೈಲ್ಸ್ ಹೊಳೆದದ್ದು ಈ ಕಾರಣದಿಂದ. ಸಂದಿನ ಕಥೆ ಬೇರೆ.

ಅಡುಗೆಮನೆಯಿಂದ ಬಂದ ಕಾಗದ

ಸಂದಿನ ಕಥೆ ನೀರಿನ ಮೇಲ್ಮೈಯದು. ಥಾಮಸ್ ಯಂಗ್ 1805ರಲ್ಲೇ ದ್ರವವು ಘನದ ಮೇಲೆ ಹರಡುವುದೋ ಹನಿಯಾಗಿ ನಿಲ್ಲುವುದೋ ಎಂಬುದನ್ನು ಸಂಪರ್ಕ ಕೋನದಿಂದ ವಿವರಿಸಿದ್ದರು. ಆದರೆ ಶುಚಿ ನೀರು, ಕೊಳೆ ನೀರು ಇವುಗಳ ಮೇಲ್ಮೈ ಹೇಗೆ ಬೇರೆ ಎಂಬುದನ್ನು ಕೈಯಾರೆ ಅಳೆದು ತೋರಿಸಿದವರು ಜರ್ಮನಿಯ ಬ್ರೌನ್‌ಶ್ವೈಗ್‌ನ ಆ್ಯಗ್ನೆಸ್ ಪೊಕೆಲ್ಸ್. ಭೌತವಿಜ್ಞಾನ ಓದುವ ಆಸೆಯಿದ್ದರೂ ಆಗ ಅಲ್ಲಿನ ವಿಶ್ವವಿದ್ಯಾಲಯಗಳ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿತ್ತು. ಮನೆವಾರ್ತೆ ನೋಡಿಕೊಳ್ಳುತ್ತಲೇ ಅಡುಗೆಮನೆಯಲ್ಲಿ ಒಂದು ತಗಡಿನ ತೊಟ್ಟಿ, ಅಡ್ಡಪಟ್ಟಿ ಮತ್ತು ಸಣ್ಣ ತಕ್ಕಡಿಯಿಂದ ನೀರಿನ ಮೇಲ್ಮೈ ಎಳೆತವನ್ನು ಅಳೆದರು. ಜಿಡ್ಡು, ಸಾಬೂನು ಬಿದ್ದ ನೀರಿನ ಎಳೆತ ಹೇಗೆ ಕುಸಿಯುತ್ತದೆಂದು ದಾಖಲಿಸಿದರು. 1891ರ ಜನವರಿಯಲ್ಲಿ ಲಾರ್ಡ್ ರ್‍ಯಾಲೇ ಅವರಿಗೆ ಕಾಗದ ಬರೆದರು. ರ್‍ಯಾಲೇ ಅದನ್ನು ತಮ್ಮ ಶಿಫಾರಸಿನೊಂದಿಗೆ 'ನೇಚರ್' ಪತ್ರಿಕೆಗೆ ಕಳಿಸಿದರು. ಮಾರ್ಚ್ ತಿಂಗಳಲ್ಲಿ ಅಚ್ಚಾಯಿತು. ಆ ತೊಟ್ಟಿಯೇ ಮುಂದೆ ಲ್ಯಾಂಗ್‌ಮ್ಯೂರ್‌ರ ಪ್ರಸಿದ್ಧ ಉಪಕರಣಕ್ಕೆ ದಾರಿಯಾಯಿತು. ನಮ್ಮ ಪಠ್ಯಗಳಲ್ಲಿ ಲ್ಯಾಂಗ್‌ಮ್ಯೂರ್ ಹೆಸರಿದೆ, ಪೊಕೆಲ್ಸ್ ಹೆಸರಿಲ್ಲ. ಪಾಠ ಮಾಡುವವರು ಒಂದು ಮಾತು ಸೇರಿಸಿದರೆ ನಷ್ಟವೇನಿಲ್ಲ.

ಸಾಬೂನಿನ ಅಣುಗಳು ನೀರಿನಲ್ಲಿ ಗುಂಪುಗೂಡಿ ಜಿಡ್ಡನ್ನು ಒಳಗಿಟ್ಟುಕೊಳ್ಳುತ್ತವೆ ಎಂಬ ತಿಳಿವಳಿಕೆಗೆ 1913ರಲ್ಲಿ ತಳಹದಿ ಹಾಕಿದವರು ಬ್ರಿಸ್ಟಲ್‌ನ ಜೇಮ್ಸ್ ವಿಲಿಯಂ ಮೆಕ್‌ಬೇನ್. ಇದೇ ಮೆಕ್‌ಬೇನ್ 1950ರಲ್ಲಿ ಉದ್ಘಾಟನೆಯಾದ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮೊದಲ ನಿರ್ದೇಶಕರು. ಕೃತಕ ಮಾರ್ಜಕಗಳು ಮೊದಲ ಮಹಾಯುದ್ಧದ ಕಾಲದ ಕೊಬ್ಬಿನ ಕೊರತೆಯಿಂದ ಜರ್ಮನಿಯಲ್ಲಿ ಹುಟ್ಟಿದವು. ಗಡಸು ನೀರಿನಲ್ಲಿ ಸಾಬೂನಿನಂತೆ ಗಷ್ಟು ಕಟ್ಟದ ಕಾರಣ ನೆಲ ತೊಳೆಯಲು ಇವೇ ನಿಂತವು.

ಕೊನೆಯ ತುಣುಕು ಎಡ್ವರ್ಡ್ ವಾಶ್‌ಬರ್ನ್ ಅವರದು. ಲೋಮನಾಳದೊಳಗೆ, ಅಂದರೆ ಕೂದಲೆಳೆಯಂಥ ಸಣ್ಣ ನಾಳದೊಳಗೆ, ದ್ರವ ಎಷ್ಟು ಬೇಗ ನುಗ್ಗುತ್ತದೆಂಬ ಸೂತ್ರವನ್ನು ಅವರು 1921ರಲ್ಲಿ ಪ್ರಕಟಿಸಿದರು. ನುಗ್ಗಿದ ದೂರ ಕಾಲದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಒಂದು ಮೈಕ್ರೋಮೀಟರ್ ತ್ರಿಜ್ಯದ ನೇರ ನಾಳದಲ್ಲಿ ನೀರು ಮೊದಲ ಸೆಕೆಂಡಿನಲ್ಲೇ ಸುಮಾರು 6 ಮಿಲಿಮೀಟರ್ ಹೋಗಬಲ್ಲದು. ಸಿಮೆಂಟಿನೊಳಗಿನ ರಂಧ್ರಗಳು ಅಂಕುಡೊಂಕು, ಅಲ್ಲಿ ಇದು ನಿಧಾನ. ಆದರೂ ನೆಲ ಒರೆಸುವಷ್ಟು ಹೊತ್ತು ಧಾರಾಳವಾಗಿ ಸಾಕು.

ಎರಡು ರಂಧ್ರಗಳ ಲೆಕ್ಕ

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಒದ್ದೆಯಾಗುವ ರಂಧ್ರವೊಂದು ನೀರನ್ನು ಹಿಡಿದಿಟ್ಟುಕೊಳ್ಳುವ ಒತ್ತಡವೆಂದರೆ ಮೇಲ್ಮೈ ಎಳೆತದ ಎರಡರಷ್ಟನ್ನು ರಂಧ್ರದ ತ್ರಿಜ್ಯದಿಂದ ಭಾಗಿಸಿದಷ್ಟು. ಶುದ್ಧ ನೀರಿನ ಮೇಲ್ಮೈ ಎಳೆತ ಮೀಟರಿಗೆ 0.072 ನ್ಯೂಟನ್.

ಕಾರ್ಪೆಟ್ಟಿನ ಎಳೆಗಳ ನಡುವಣ ಜಾಗದ ತ್ರಿಜ್ಯ 50 ಮೈಕ್ರೋಮೀಟರ್ ಎಂದುಕೊಳ್ಳಿ. ಹಿಡಿತದ ಒತ್ತಡ ಸುಮಾರು 2,900 ಪಾಸ್ಕಲ್, ಅಂದರೆ ವಾಯುಮಂಡಲದ ನೂರರಲ್ಲಿ ಮೂರು ಪಾಲು. ಸಾಧಾರಣ ಹೀರುವ ಯಂತ್ರಕ್ಕೂ ಇದು ಲೆಕ್ಕಕ್ಕಿಲ್ಲ. ಕೊಳೆನೀರು ಮೇಲೆ ಬರುತ್ತದೆ.

ಸಂದಿನ ಸಿಮೆಂಟಿನಲ್ಲಿ ರಂಧ್ರದ ತ್ರಿಜ್ಯ 1 ಮೈಕ್ರೋಮೀಟರ್ ಇರಲಿ. ಇದಕ್ಕಿಂತ ಸಣ್ಣವೂ ಬೇಕಾದಷ್ಟಿವೆ. ಹಿಡಿತದ ಒತ್ತಡ 1,44,000 ಪಾಸ್ಕಲ್, ಸುಮಾರು 1.4 ವಾಯುಮಂಡಲ! ಪೂರ್ಣ ನಿರ್ವಾತ ಕೊಟ್ಟರೂ ಈ ನೀರನ್ನು ಹೊರಗೆಳೆಯಲಾಗದು. ಮಾರ್ಜಕ ಹಾಕಿ ಮೇಲ್ಮೈ ಎಳೆತವನ್ನು 0.030ಕ್ಕೆ ಇಳಿಸಿದರೆ ಹಿಡಿತ 0.6 ವಾಯುಮಂಡಲಕ್ಕೆ ಬರುತ್ತದೆ. ಅದೂ ನಮ್ಮ ಯಂತ್ರದ ಅಳವಿಗೆ ಮೀರಿದ್ದು. ಜೊತೆಗೆ ಸಂದಿನ ಕೆಳಭಾಗ ಮುಚ್ಚಿದೆ, ನೀರಿನ ಹಿಂದೆ ಗಾಳಿ ನುಗ್ಗಲು ದಾರಿಯೂ ಇಲ್ಲ. ಟೈಲ್ಸ್ ಮೇಲಿನ ಕೊಳೆಯೆಲ್ಲ ನೀರಿನಲ್ಲಿ ಕರಗಿ, ತಗ್ಗಾದ ಸಂದಿಗೆ ಹರಿದು, ಅಲ್ಲಿ ಒಳಸೇರಿ ಉಳಿಯುತ್ತದೆ. ದಿನವೂ ಒಂದೇ ಬಕೆಟ್ ನೀರಿನಲ್ಲಿ ಇಡೀ ಮನೆ ಒರೆಸುವಾಗ ಆಗುವುದೂ ಇದೇ. ಯಂತ್ರ ಸೋತದ್ದು ಶಕ್ತಿ ಸಾಲದೆ ಅಲ್ಲ. ಟಾರಿಚೆಲ್ಲಿಯ ಮಿತಿಯನ್ನು ಯಂಗ್‌ರ ಮೇಲ್ಮೈ ಎಳೆತ ದಾಟಿಬಿಟ್ಟಿದೆ.

ಹಾಗಾದರೆ ಉಪಾಯವೇನು? ಕೊಳೆನೀರು ಒಳಗಿಳಿಯುವ ಮೊದಲೇ ಎತ್ತಬೇಕು. ತೊಳೆಯುವ ಮುಂಚೆ ಬರಿ ನೀರಿನಿಂದ ಸಂದನ್ನು ನೆನೆಸಬೇಕು. ತುಂಬಿದ ರಂಧ್ರ ಮತ್ತೆ ಹೀರುವುದು ಕಡಿಮೆ. ಒಣಗಿದ ಮೇಲೆ ಸಿಲೇನ್ ಜಾತಿಯ ನೀರುವಿಕರ್ಷಕ ಲೇಪ ಕೊಡಬಹುದು. ಇದು ಸಂಪರ್ಕ ಕೋನವನ್ನು 90 ಡಿಗ್ರಿಗಿಂತ ಮೇಲೆ ಒಯ್ಯುತ್ತದೆ. ಆಗ ಕೋನದ ಕೊಸೈನ್ ಋಣವಾಗಿ ರಂಧ್ರವು ನೀರನ್ನು ಎಳೆಯುವ ಬದಲು ತಳ್ಳುತ್ತದೆ. ಕೋನ 110 ಡಿಗ್ರಿಯಾದರೆ 1 ಮೈಕ್ರೋಮೀಟರ್ ರಂಧ್ರಕ್ಕೆ ನೀರು ಹೊಗಿಸಲು ಅರ್ಧ ವಾಯುಮಂಡಲದ ಒತ್ತಡ ಬೇಕು. ಚೆಲ್ಲಿದ ಚಹಾಕ್ಕೆ ಅಷ್ಟು ಬಲವಿಲ್ಲ. 70 ವಾಯುಮಂಡಲದ ಚಿಮ್ಮುನೀರಿಗೆ ಇದೆ ಎಂಬುದನ್ನೂ ಮರೆಯಬಾರದು.

ತರಗತಿಯಲ್ಲಿ ಇದನ್ನು ತೋರಿಸುವುದು ಸುಲಭ. ಒಡೆದ ಟೈಲ್ಸ್ ಚೂರೊಂದು ಮತ್ತು ಬಿಳಿ ಸಿಮೆಂಟಿನ ಒಣಗಿದ ಬಿಲ್ಲೆಯೊಂದರ ಮೇಲೆ ಶಾಯಿ ಬೆರೆಸಿದ ನೀರಿನ ಹನಿ ಬಿಡಿ. ಒಂದೊಂದು ಹನಿಯನ್ನು ತಕ್ಷಣ, ಇನ್ನೊಂದನ್ನು ಎರಡು ನಿಮಿಷ ಬಿಟ್ಟು ಒರೆಸಿ. ಇನ್ನೊಂದು ಬಿಲ್ಲೆಯನ್ನು ಮೊದಲೇ ನೀರಿನಲ್ಲಿ ನೆನೆಸಿಟ್ಟು ಹೋಲಿಸಿ.

ಆಮ್ಲದ ಆಮಿಷ

1959ರಲ್ಲಿ ಜರ್ಮನಿಯ ಹೆಂಕೆಲ್ ಕಂಪನಿಯ ರಸಾಯನಜ್ಞ ಹರ್ಬರ್ಟ್ ಸಿನ್ನರ್ ಶುಚಿಕಾರ್ಯವನ್ನು ನಾಲ್ಕು ಪಾಲಿನ ವೃತ್ತವಾಗಿ ಚಿತ್ರಿಸಿದರು: ರಸಾಯನ, ಉಜ್ಜುವಿಕೆ, ಉಷ್ಣತೆ, ಕಾಲ. ಒಂದು ಪಾಲು ಕುಗ್ಗಿದರೆ ಇನ್ನೊಂದು ಹಿಗ್ಗಬೇಕು. ಕೆಲಸಗಾರನಿಗೆ ಸಮಯ ಕೊಡದಿದ್ದರೆ ಅವನು ರಸಾಯನವನ್ನು ಹೆಚ್ಚಿಸುತ್ತಾನೆ. ನಮ್ಮಲ್ಲಿ ಆ್ಯಸಿಡ್ ಬಾಟಲಿ ಕೈಗೆ ಬರುವುದು ಹೀಗೆ.

ಸಿಮೆಂಟಿನಲ್ಲಿರುವುದು ಸುಣ್ಣದ ಸಂಯುಕ್ತಗಳು. ಶಹಾಬಾದ್, ಕಡಪ ಕಲ್ಲುಗಳು ಸುಣ್ಣಕಲ್ಲಿನ ಜಾತಿ. ಅಮೃತಶಿಲೆಯೂ ಮೊಸಾಯಿಕ್ ನೆಲದ ಚೂರುಗಳೂ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬನೇಟ್. ಹೈಡ್ರೋಕ್ಲೋರಿಕ್ ಆಮ್ಲ ಕೊಳೆಯನ್ನು ತೆಗೆಯುವುದಿಲ್ಲ. ಕೊಳೆ ಕೂತ ಸಿಮೆಂಟಿನ ಪದರವನ್ನೇ ಕರಗಿಸುತ್ತದೆ. ಸಂದು ಬೆಳ್ಳಗೆ ಕಂಡದ್ದು ಹೊಸ ಪದರ ಹೊರಬಂದದ್ದರಿಂದ. ಆ ಪದರ ಮೊದಲಿಗಿಂತ ಹೆಚ್ಚು ರಂಧ್ರಮಯ, ಹಾಗಾಗಿ ಹೆಚ್ಚು ಕೊಳೆ ಕುಡಿಯುತ್ತದೆ. ಮತ್ತೆ ಆಮ್ಲ, ಮತ್ತೆ ಕಪ್ಪು. ಕಾರ್ಪೆಟ್ ಕೆಲಸದಲ್ಲಿ ಅಭ್ಯಾಸ ಇದಕ್ಕೆ ವಿರುದ್ಧ: ಉಣ್ಣೆಗೆ ಕ್ಷಾರ ಆಗದು, ಮೃದು ಆಮ್ಲದಿಂದ ಕೊನೆಯ ತೊಳೆತ ಕೊಡುವುದುಂಟು. ಒಂದು ಕಸುಬಿನ ಒಳ್ಳೆಯ ರೂಢಿ ಇನ್ನೊಂದರಲ್ಲಿ ಹಾನಿಯಾದದ್ದು ಹೀಗೆ.

ಕಲ್ಲಿಗಾಗುವ ಹಾನಿ ಹಣದ್ದು. ಇನ್ನೊಂದು ಹಾನಿ ಪ್ರಾಣದ್ದು. 1774ರಲ್ಲಿ ಸ್ವೀಡನ್ನಿನ ಶೀಲೆ, ಮ್ಯಾಂಗನೀಸ್ ಅದಿರಿನ ಮೇಲೆ ಇದೇ ಆಮ್ಲ ಹಾಕಿ ಉಸಿರುಗಟ್ಟಿಸುವ ಹಸಿರು-ಹಳದಿ ಅನಿಲವನ್ನು ಪಡೆದರು. ಅದೇ ಕ್ಲೋರೀನ್. ಬ್ಲೀಚಿಂಗ್ ಪುಡಿ ಇಲ್ಲವೇ ಬ್ಲೀಚ್ ದ್ರಾವಣ ಹಾಕಿದ ಶೌಚಾಲಯದ ನೆಲಕ್ಕೆ ಆ್ಯಸಿಡ್ ಸುರಿದರೆ, ಬಾಗಿಲು ಮುಚ್ಚಿದ ಆ ಸಣ್ಣ ಕೋಣೆಯಲ್ಲಿ ಹುಟ್ಟುವುದೂ ಅದೇ. ಉಜ್ಜಲು ಬಗ್ಗಿ ಕೂತವರ ಮೂಗಿನ ಮಟ್ಟದಲ್ಲೇ ಅದು ನಿಲ್ಲುತ್ತದೆ, ಗಾಳಿಗಿಂತ ಎರಡೂವರೆ ಪಟ್ಟು ಭಾರ ಅದಕ್ಕೆ. ರಸಾಯನಶಾಸ್ತ್ರದ ಪಾಠದಲ್ಲಿ ಕ್ಲೋರೀನ್ ತಯಾರಿಕೆ ಹೇಳುವಾಗ ಈ ಮಾತನ್ನೂ ಹೇಳಬೇಕೆಂಬುದು ನನ್ನ ಆಗ್ರಹ. ಮಕ್ಕಳ ಮನೆಯಲ್ಲಿ ನೆಲ ತೊಳೆಯುವವರು ಯಾರಾದರೂ ಇದ್ದೇ ಇರುತ್ತಾರೆ.

ಅಗಸರ ಮಣ್ಣು

ಆಗಲೇ ಸಂದಿನೊಳಗೆ, ಕಲ್ಲಿನೊಳಗೆ ಇಳಿದ ಎಣ್ಣೆಯ ಕಲೆಗೆ ದಾರಿಯಿಲ್ಲವೇ? ಇದೆ, ಮತ್ತು ಅದು ಈ ಇತಿಹಾಸದ ಎಲ್ಲ ಯಂತ್ರಗಳಿಗಿಂತ ಹಳೆಯದು. ರೋಮಿನ ಅಗಸರು ಉಣ್ಣೆಬಟ್ಟೆಯ ಜಿಡ್ಡು ತೆಗೆಯಲು ಬಗೆಬಗೆಯ ಮಣ್ಣು ಬಳಸುತ್ತಿದ್ದುದನ್ನು ಒಂದನೇ ಶತಮಾನದ ಪ್ಲಿನಿ ಬರೆದಿದ್ದಾನೆ. ನಮ್ಮಲ್ಲಿ ಮುಲ್ತಾನಿ ಮಿಟ್ಟಿ ಎಂದು ಮಾರುವುದು ಇದೇ ಜಾತಿಯ ಜೇಡಿ. ಇದನ್ನು ನೀರಿನಲ್ಲೋ ತಕ್ಕ ದ್ರಾವಕದಲ್ಲೋ ಕಲಸಿ ಕಲೆಯ ಮೇಲೆ ಬೆರಳು ದಪ್ಪ ಮೆತ್ತಿ ಒಣಗಲು ಬಿಡುತ್ತಾರೆ. ಮೊದಲು ದ್ರವ ಕಲ್ಲಿಗಿಳಿದು ಕಲೆಯನ್ನು ಕರಗಿಸುತ್ತದೆ. ಮೆತ್ತೆ ಮೇಲಿನಿಂದ ಒಣಗಿದಂತೆ ಹರಿವು ಹಿಂದಿರುಗುತ್ತದೆ. ಜೇಡಿಯ ರಂಧ್ರ 0.1 ಮೈಕ್ರೋಮೀಟರ್ ಎಂದರೆ ನೀರಿಗೆ ಅದರ ಎಳೆತ ಸುಮಾರು 14 ವಾಯುಮಂಡಲ. ಒಂದು ವಾಯುಮಂಡಲದ ಮಿತಿಗೆ ಸಿಕ್ಕಿದ ಯಂತ್ರ ಮಾಡಲಾಗದ್ದನ್ನು ಒಂದು ಹಿಡಿ ಮಣ್ಣು ಒಂದು ರಾತ್ರಿಯಲ್ಲಿ ಮಾಡುತ್ತದೆ. ಕರಗುವ ಕಲೆಗಳಿಗೆ ಮಾತ್ರ. ಸಿಕ್ಕಿಕೊಂಡ ದೂಳಿನ ಕಣಗಳು ಹೀಗೆ ಬರುವುದಿಲ್ಲ, ಅವಕ್ಕೆ ಉಜ್ಜುವುದೇ ಗತಿ.

ವಿದ್ಯಾರ್ಥಿಗೆ ಈ ಲೆಕ್ಕವನ್ನೆಲ್ಲ ಬರೆದು ಕಳಿಸಿದೆ. ಕಳೆದ ಬಾರಿ ಸಿಕ್ಕಾಗ ಸಾಲದ ಕಂತು ಇನ್ನೂ ಇದೆ ಎಂದ, ಟೈಲ್ಸ್ ಕೆಲಸ ಬಿಟ್ಟಿಲ್ಲ ಎಂದೂ ಹೇಳಿದ. ಈಗ ದರ ಹೇಳುವ ಮುಂಚೆ ಜೇಬಿನಿಂದ ಪುಟ್ಟ ಬಾಟಲಿ ತೆಗೆದು ಸಂದಿನ ಮೇಲೆ ಒಂದು ಹನಿ ನೀರು ಬಿಡುತ್ತಾನೆ, ಅದು ಇಂಗಲು ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ನೋಡುತ್ತಾನೆ.